ಎಲೆಯಾಟದ ಮೇಜಿನಲ್ಲಿ ನ್ಯಾಯವಿಚಾರ

ಎಲೆಯಾಟವೆಂದ ಕೂಡಲೆ ಮುಖ ಸಿಂಡರಿಸುವ ಗೃಹಸ್ಥರು ನಮ್ಮಲ್ಲಿ ಈಗಲೂ ಅನೇಕರುಂಟು. ಅದಕ್ಕೆ ಕಾರಣವೂ ಇಲ್ಲದಿಲ್ಲ. ಆದರೆ ನಾವಿಲ್ಲಿ ಹೇಳಹೊರಟಿರುವುದು ಇಸ್ಪೀಟಿನ ವಿಷಯವಲ್ಲ. 1993ರಲ್ಲಿ ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್‌ಫೀಲ್ಡ್ ಎಂಬವರು ರಚಿಸಿದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಆಟವೊಂದುಂಟು. ಜಪಾನಿನಲ್ಲಿ 1996ರಲ್ಲಿ ಹುಟ್ಟಿದ ಪೋಕೆಮಾನ್ ಎಲೆಯಾಟವೂ ಇದೇ ಕುಲಕ್ಕೆ ಸೇರಿದುದು. ಇವುಗಳಲ್ಲಿ ಆಟಗಾರನು ಎಲೆಗಳನ್ನು ಕೊಂಡೋ ವಿನಿಮಯದಿಂದಲೋ ಸಂಗ್ರಹಿಸಿ, ಅವುಗಳೊಳಗಿಂದ ಅರುವತ್ತು ಎಲೆಗಳ ತನ್ನದೇ ಕಟ್ಟೊಂದನ್ನು ಕಟ್ಟಿಕೊಂಡು ಎದುರಾಳಿಯ ಮುಂದೆ ಕುಳಿತುಕೊಳ್ಳುವನು. ಮ್ಯಾಜಿಕ್ ಆಟದ ವೃತ್ತಿಪರ ಪಂದ್ಯಾವಳಿಯು 1996ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾಯಿತು. ಅಂದಿನಿಂದ ಇಂದಿನವರೆಗೆ ಖಂಡಾಂತರಗಳಿಂದ ಬಂದ ಆಟಗಾರರು ಭಾರಿ ಬಹುಮಾನಗಳಿಗಾಗಿ ಸ್ಪರ್ಧಿಸುತ್ತಿರುವರು. ಬಹುಮಾನವಿರುವೆಡೆಯಲ್ಲಿ ಕಪಟವೂ ಇಣಿಕಿ ನೋಡುವುದು ಸಹಜವಷ್ಟೆ.

ಈ ಆಟದಲ್ಲಿ ತೀರ್ಪುಗಾರನ ಕೆಲಸವು ಬಲು ಕಷ್ಟದ್ದು. ಕ್ರಿಕೆಟ್ಟಿನಲ್ಲಿ ಎಲ್ಲರ ಕಣ್ಣೂ ಒಂದೇ ಚೆಂಡಿನ ಮೇಲಿರುವುದು. ಇಲ್ಲಿಯಾದರೋ ವಿಶಾಲವಾದ ಒಂದು ಸಭಾಂಗಣದಲ್ಲಿ ನೂರಾರು ಮೇಜುಗಳು, ಬೆರಳೆಣಿಕೆಯ ತೀರ್ಪುಗಾರರು. ಮ್ಯಾಜಿಕ್ ಆಟದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕು ಬಗೆಯ ಎಲೆಗಳಿದ್ದು, ಬಹುಮಟ್ಟಿಗೆ ಒಂದೊಂದರ ಮೇಲೂ ಅದರದೇ ಆದ ವಿಧಿಯು ಅಚ್ಚಾಗಿರುವುದು. ಆದಕಾರಣ ಇಬ್ಬರು ಆಟಗಾರರೂ ಪರಸ್ಪರರಿಗೆ ಕಾವಲುಗಾರರಾಗಿರಬೇಕಾಗುತ್ತದೆ. ಸಂದೇಹ ಬಂದೊಡನೆ ಕೈಯೆತ್ತಿ ತೀರ್ಪುಗಾರನನ್ನು ಕರೆಯಬಹುದು. ಅವನ ಮಾತು ಒಪ್ಪಿಗೆಯಾಗದಿದ್ದರೆ ಮುಖ್ಯ ತೀರ್ಪುಗಾರನಲ್ಲಿ ಮೇಲ್ಮನವಿ ಮಾಡಿಕೊಳ್ಳಬಹುದು. ಅವನ ತೀರ್ಮಾನವೇ ಕಡೆಯದು. ಆಟಕ್ಕೆ ಮೊದಲು ತನ್ನ ಕಟ್ಟನ್ನು ಎದುರಾಳಿಯ ಕೈಗೆ ಕೊಟ್ಟು, ಅವನೂ ಕಲಸಿಕೊಟ್ಟ ಮೇಲೆಯೇ ಆಡತಕ್ಕದ್ದೆಂಬ ನಿಯಮವು ಬಹು ಮೆಚ್ಚತಕ್ಕದ್ದು.

ಸುಳ್ಳಿನ ವಿಷಯದಲ್ಲಿ ಈ ಆಟದವರು ಮಾಡಿಕೊಂಡಿರುವ ವಿಂಗಡಣೆಯಂತೂ ನಮ್ಮ ಧರ್ಮಶಾಸ್ತ್ರಜ್ಞರೂ ತಲೆದೂಗುವಂತಹುದು. ಆಟಗಾರನಿಗೆ ಉಳಿದಿರುವ ‘ಪ್ರಾಣ’ದ ಸಂಖ್ಯೆ ಮೊದಲಾದ ಬಹಿರಂಗ ಸಂಗತಿಗಳನ್ನು ಕೇಳಿದರೆ ನಿಜವನ್ನೇ ಹೇಳಬೇಕು. ವಿಚಾರಮಾಡಿ ತಿಳಿದುಕೊಳ್ಳಬಹುದಾದ ಸಂಗತಿಗಳನ್ನು ಎದುರಾಳಿಗೆ ಬಿಡಿಸಿ ಹೇಳುವ ಹೊಣೆಯಿಲ್ಲ. ಆದರೆ ಪೈಪೋಟಿಯ ಪಂದ್ಯಗಳಲ್ಲಿಯೂ ಅವುಗಳ ವಿಷಯವಾಗಿ ಸುಳ್ಳಾಡಕೂಡದು. ತನ್ನ ಕೈಯಲ್ಲಿ ಮರೆಯಾಗಿರುವ ಎಲೆಗಳ ವಿಷಯದಲ್ಲಿ ಮಾತ್ರ ಎಂತಹ ಭ್ರಮೆಯನ್ನು ಹುಟ್ಟಿಸಿದರೂ ದೋಷವಿಲ್ಲ. ಅಶ್ವತ್ಥಾಮನ ಪ್ರಸಂಗದಲ್ಲಿ ಧರ್ಮರಾಯನಾಡಿದ ಮಾತು ಈ ಮೂರರಲ್ಲಿ ಯಾವ ಗುಂಪಿಗೆ ಸೇರುವುದೆಂದು ವಾಚಕರೇ ಯೋಚಿಸಲಿ! ನಮ್ಮ ಮಟ್ಟಿಗೆ, ಮೌನವನ್ನೂ ಸುಳ್ಳನ್ನೂ ಹೀಗೆ ಬೇರ್ಪಡಿಸಿದುದು ಸರಿಯೆಂದೇ ತೋರುವುದು.

ಇನ್ನು ಶಬ್ದಾರ್ಥದ ತೊಡಕು. ಎದುರಾಳಿಯ ಎಲೆಯೊಂದರ ಹೆಸರು ಹೇಳಿ ಅದನ್ನು ನಿರ್ಬಲಗೊಳಿಸುವ ಎಲೆಯೊಂದು ಮ್ಯಾಜಿಕ್ ಆಟದಲ್ಲಿದೆ. ಈಗ ‘ಬೋರ್ಬೊರಿಗ್ಮೋಸ್’ ಎಂಬ ಒಂದು ಎಲೆಯೂ ‘ಬೋರ್ಬೊರಿಗ್ಮೋಸ್ ಎನ್‌ರೇಜ್ಡ್’ ಎಂಬ ಇನ್ನೊಂದು ಎಲೆಯೂ ಇರುವುವು. ಆಟಗಾರನು ಎರಡನೆಯದನ್ನು ಮನಸ್ಸಿನಲ್ಲಿಟ್ಟುಕೊಂಡು ಮೊದಲ ಪದವನ್ನಷ್ಟೇ ಉಚ್ಚರಿಸಿದನೆನ್ನಿ. ಯಾವುದನ್ನು ಗ್ರಹಿಸಬೇಕು, ಶಬ್ದವನ್ನೋ ತಾತ್ಪರ್ಯವನ್ನೋ? ಮೀಮಾಂಸಕರು ಕಾಲಕ್ಷೇಪ ಮಾಡಬಹುದಾದ ಪ್ರಶ್ನೆಯಿದು. ಪಂದ್ಯಾವಳಿಯ ಈಗಿನ ನಿಯಮವು ಹೇಳುವುದೇನೆಂದರೆ, ಆಡಿದ ವರ್ಣನೆಯು ಒಂದೇ ಎಲೆಗೆ ಹೊಂದುವಂತಿದ್ದರೆ ಮಾತ್ರ ಆ ಎಲೆಯನ್ನು ಹೆಸರಿಸಿದಂತಾಯಿತು. ಸಂದಿಗ್ಧವಾಗಿದೆಯೆಂದು ತಿಳಿದ ಆಟಗಾರನಾಗಲಿ ತೀರ್ಪುಗಾರನಾಗಲಿ ಇನ್ನೊಮ್ಮೆ ಕೇಳಿ ಸ್ಪಷ್ಟಪಡಿಸಿಕೊಳ್ಳಲೇಬೇಕು. ಎದುರಾಳಿಯ ನಾಲಗೆ ಜಾರಿದುದನ್ನೇ ಕಾದು ಹಿಡಿದು ಗೆಲ್ಲುವವನನ್ನು ಈ ನಿಯಮವು ಚೆನ್ನಾಗಿ ತಡೆಯುತ್ತದೆ.

ಎಲ್ಲಕ್ಕಿಂತಲೂ ಕಠಿನವಾದುದು ಉದ್ದೇಶವನ್ನು ಅಳೆಯುವುದು. ಮ್ಯಾಜಿಕ್ ಪಂದ್ಯದ ಸುತ್ತಿಗೆ ಸಾಮಾನ್ಯವಾಗಿ 50 ನಿಮಿಷಗಳ ಕಾಲಾವಧಿ. ಯೋಚಿಸುತ್ತ ತಡಮಾಡಿದವನಿಗೆ ಎಚ್ಚರಿಕೆ. ಗಡಿಯಾರದ ಲಾಭ ಪಡೆಯಬೇಕೆಂದೇ ಬೇಕೆಂದು ತಡಮಾಡಿದವನಿಗೆ ಬಹಿಷ್ಕಾರ. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ಬಗೆಯ ಮೌನ, ಒಂದೇ ಬಗೆಯ ಕೈಚಲನೆ. ಪರೀಕ್ಷೆಯ ಕೊಠಡಿಗಳಲ್ಲಿ ಬಹುಕಾಲ ಮೇಲ್ವಿಚಾರಣೆ ನಡೆಸಿದ ನಮಗೆ ಈ ಸಂಕಟದ ಅರಿವು ಚೆನ್ನಾಗಿದೆ. ಛಾವಣಿಯನ್ನು ನೋಡುತ್ತಿರುವ ಹುಡುಗನು ಉತ್ತರವನ್ನು ನೆನೆಯುತ್ತಿರುವನೋ ಪಕ್ಕದವನ ಸನ್ನೆಗಾಗಿ ಕಾಯುತ್ತಿರುವನೋ ಎಂಬುದನ್ನು ಅವನ ಮುಖವೊಂದೇ ಹೇಳದು. 2010ರಲ್ಲಿ ಜಪಾನಿನ ಪ್ರಖ್ಯಾತ ಆಟಗಾರ ತೊಮೊಹಾರು ಸೈತೋ ಎಂಬವರು ಕೀರ್ತಿಮಂದಿರಕ್ಕೆ ಆಯ್ಕೆಯಾಗಿದ್ದರು. ಅದೇ ವರ್ಷ ಇಟಲಿಯ ಫ್ಲಾರೆನ್ಸಿನಲ್ಲಿ ಕಾಲಹರಣದ ದೋಷಕ್ಕಾಗಿ ಅವರನ್ನು ಪಂದ್ಯಾವಳಿಯಿಂದ ಹೊರಹಾಕಿದರು. ಅನಂತರ 18 ತಿಂಗಳ ನಿಷೇಧ. ದೊರೆಯಲಿದ್ದ ಕೀರ್ತಿಮಂದಿರದ ಸ್ಥಾನವೂ ಹೋಯಿತು.

2019ರ ಏಪ್ರಿಲಿನಲ್ಲಿ ಲಂಡನ್ನಿನಲ್ಲಿ ನಡೆದುದು ಇನ್ನೂ ದೊಡ್ಡ ಪ್ರಕರಣ. ಈ ಬಾರಿ ದೋಷಾರೋಪಣೆಗೆ ಗುರಿಯಾದವರು ಜಪಾನಿನ ಅಗ್ರಗಣ್ಯರಾದ ಯೂಯಾ ವತನಾಬೆ. ಎಲೆಗಳನ್ನು ಸವೆಯದಂತೆ ಪಾರದರ್ಶಕವಾದ ಚಿಕ್ಕ ಚೀಲಗಳಲ್ಲಿ ತೊಡಿಸಿ ಆಡುವುದು ವಾಡಿಕೆ. ಚೀಲದ ಬೆನ್ನು ಮಾತ್ರ ಬಣ್ಣದ್ದಾಗಿದ್ದು ಎಲ್ಲವೂ ಒಂದೇ ಸಮನಾಗಿ ಕಾಣಬೇಕು. ವತನಾಬೆಯವರ ಕೆಲವು ಚೀಲಗಳ ಮೇಲೆ ಗುರುತುಗಳಿರುವುವೆಂದು ತೀರ್ಪುಗಾರರು ಕಂಡುಕೊಂಡರು. ಬಹಿಷ್ಕಾರವಾಯಿತು, 30 ತಿಂಗಳ ನಿಷೇಧ ಬಿದ್ದಿತು, ಕೀರ್ತಿಮಂದಿರದಿಂದ ಹೆಸರನ್ನೂ ತೆಗೆದರು. ಪದೇಪದೇ ಕಲಸುವುದರಿಂದ ಚೀಲದ ಮೇಲೆ ಗೀರು ಬೀಳುವುದು ಸಹಜ. ಆದರೆ ಸವೆತಕ್ಕೆ ಒಳಗಿರುವ ಎಲೆಯಾವುದೆಂಬ ಅರಿವಿಲ್ಲ; ಅದು ಎಲ್ಲದರ ಮೇಲೂ ಬೀಳಬೇಕು. ಬೇಕಾದ ಎಲೆಗಳ ಮೇಲೆ ಮಾತ್ರ ಒಂದೇ ಬಗೆಯ ಗುರುತು ಕಂಡರೆ, ಹೊಗೆಯಿಂದ ಬೆಂಕಿಯನ್ನು ಊಹಿಸುವ ನೈಯಾಯಿಕನಂತೆ ತೀರ್ಪುಗಾರನೂ ಊಹಿಸಬೇಕಾಗುವುದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ದ್ಯೂತಾಧ್ಯಕ್ಷನು ತಾನೇ ಶುದ್ಧವಾದ ದಾಳಗಳನ್ನು ಒದಗಿಸಬೇಕೆಂದೂ, ಬದಲಿಸಿದವನಿಗೆ 12 ಪಣ ದಂಡವೆಂದೂ ವಿಧಿಯಿದೆ. ಆಟದ ಸಾಮಗ್ರಿಯನ್ನು ಆಟಗಾರನೇ ಮನೆಯಿಂದ ತರುವ ಈ ಹೊಸ ಆಟದಲ್ಲಿ ಆ ಉಪಾಯಕ್ಕೆ ಎಡೆಯಿಲ್ಲ.

ತೀರ್ಪುಗಾರರೇನೂ ಸಂಬಳದ ನ್ಯಾಯಾಧೀಶರಲ್ಲ. ಆಟದ ಮೇಲಿನ ಪ್ರೀತಿಯಿಂದ ದಿನವಿಡೀ ನಿಂತು ದುಡಿಯುವ ಇವರಿಗೆ ಬಹುಕಾಲ ಎಲೆಗಳ ಪೆಟ್ಟಿಗೆಗಳೇ ಸಂಭಾವನೆಯಾಗಿದ್ದುವು. ಇವರಿಗೆ ತರಬೇತಿಯಿತ್ತು ಅರ್ಹತಾಪತ್ರ ಕೊಡುವ ಹೊಣೆಯನ್ನು 2019ರಲ್ಲಿ ‘ಜಡ್ಜ್ ಅಕಾಡೆಮಿ’ ಎಂಬ ಸಂಸ್ಥೆ ವಹಿಸಿಕೊಂಡಿತು. 2023ರಲ್ಲಿ ಅದೂ ಬಾಗಿಲು ಮುಚ್ಚುವುದಾಗಿ ಸಾರಿತು. ಲಕ್ಷಾಂತರ ರೂಪಾಯಿಗಳ ಬಹುಮಾನವನ್ನು ನಿರ್ಣಯಿಸುವವರ ತರಬೇತಿಗೆ ಸ್ಥಿರವಾದ ಒಂದು ನೆಲೆಯಿಲ್ಲದಿರುವುದು ನಮಗೆ ಸರಿಕಾಣುವುದಿಲ್ಲ.

ಕಪಟವಲ್ಲದ ತಪ್ಪಿಗೂ ದಂಡವುಂಟು. 2024ರ ಆಗಸ್ಟಿನಲ್ಲಿ ಹೊನೊಲುಲುವಿನಲ್ಲಿ ನಡೆದ ಪೋಕೆಮಾನ್ ವಿಶ್ವ ಪಂದ್ಯಾವಳಿಯ ಕೊನೆಯ ಘಟ್ಟದಲ್ಲಿ ಅಮೆರಿಕದ ಆಟಗಾರನೊಬ್ಬನು ಗೆದ್ದ ಉತ್ಸಾಹದಲ್ಲಿ ಕ್ಯಾಮರಾದ ಮುಂದೆ ಅಸಭ್ಯವಾದ ಸನ್ನೆಯೊಂದನ್ನು ಮಾಡಿದನು. ಆಟದಲ್ಲಿ ಮೋಸವೇನನ್ನೂ ಮಾಡಿರಲಿಲ್ಲ. ಆದರೂ ಅವನನ್ನು ಹೊರಹಾಕಿದರು. ಕ್ಷಣದ ಮೈಮರೆವಿಗೆ ವರ್ಷದ ಶ್ರಮವನ್ನು ಕಿತ್ತುಕೊಳ್ಳುವುದು ಕ್ರೌರ್ಯವಲ್ಲವೆ ಎಂದು ಕೇಳುವವರಿರಬಹುದು. ದಂಡವು ಭಾರವಾದುದೆಂದು ನಾವೂ ಒಪ್ಪುವೆವು. ಆದರೆ ಆ ಪಂದ್ಯಾವಳಿಯಲ್ಲಿ ಚಿಕ್ಕ ಮಕ್ಕಳಿಗೇ ಪ್ರತ್ಯೇಕ ವಿಭಾಗವಿದ್ದು, ತಂದೆತಾಯಂದಿರು ಅವರ ಕೈಹಿಡಿದು ಕರೆತಂದಿರುತ್ತಾರೆಂಬುದನ್ನು ಮರೆಯಲಾಗದು. ಅದನ್ನು ಎಣಿಸಿದರೆ ತೀರ್ಪುಗಾರರಿಗೆ ಬೇರೆ ದಾರಿಯಿದ್ದಂತೆ ನಮಗೆ ಕಾಣದು. ಆ ವರ್ಷದ ಪಟ್ಟವು ಚಿಲಿ ದೇಶದ ಹದಿನೆಂಟು ವರ್ಷದ ಫರ್ನಾಂಡೊ ಸಿಫುಯೆಂಟೆಸ್ ಎಂಬ ತರುಣನಿಗೆ ದೊರೆಯಿತು. ಊರಿಗೆ ಮರಳಿದ ಅವನನ್ನು ಅಂದಿನ ರಾಷ್ಟ್ರಾಧ್ಯಕ್ಷರಾಗಿದ್ದ ಗೇಬ್ರಿಯೆಲ್ ಬೋರಿಕ್ ಅವರು ತಮ್ಮ ಅರಮನೆಗೆ ಬರಮಾಡಿಕೊಂಡು ಅಭಿನಂದಿಸಿದರು.