ಬಾಡಿಗೆಯ ಕರಾರಿನಲ್ಲಿ ಕ್ರಯದ ಹಕ್ಕು: ನ್ಯಾಯವಾದ ಪ್ರತಿಫಲದ ವಿವೇಚನೆ

ಮನೆಯ ಅನುಭೋಗಕ್ಕೆ ಸಂಬಂಧಿಸಿದ ಮೂರು ವ್ಯವಹಾರಗಳು ನಮ್ಮವರಿಗೆ ಸುಪರಿಚಿತವಾಗಿವೆ. ಬಾಡಿಗೆಯಲ್ಲಿ ಕೊಟ್ಟ ಹಣ ಮರಳಿ ಬಾರದು. ಭೋಗ್ಯದಲ್ಲಿ ಇಡುಗಂಟು ಪೂರ್ಣವಾಗಿ ಮರಳುತ್ತದೆ, ಅದರ ಬಡ್ಡಿಯೇ ಬಾಡಿಗೆಯ ಸ್ಥಾನದಲ್ಲಿ ನಿಲ್ಲುತ್ತದೆ. ಕ್ರಯದಲ್ಲಿ ಹಣಕ್ಕೆ ಪ್ರತಿಯಾಗಿ ಸ್ವಾಮ್ಯವೇ ಕೈ ಬದಲಾಗುತ್ತದೆ. ಇವುಗಳ ನಡುವೆ ನಾಲ್ಕನೆಯ ಬಗೆಯೊಂದುಂಟು. ಗೊತ್ತಾದ ಅವಧಿಯೊಳಗೆ ಗೊತ್ತಾದ ಬೆಲೆಗೆ ಆ ಮನೆಯನ್ನೇ ಕೊಳ್ಳುವ ಹಕ್ಕನ್ನು ಬಾಡಿಗೆದಾರನು ಪಡೆಯುವುದೇ ಅದು. ಕೊಳ್ಳಲೇಬೇಕೆಂಬ ಬಂಧನ ಅವನಿಗಿಲ್ಲ. ಅವನು ಕೇಳಿದರೆ ಮಾರಲೇಬೇಕೆಂಬ ಬಂಧನ ಮಾಲೀಕನಿಗುಂಟು.

ಇಂತಹ ಕರಾರಿನಲ್ಲಿ ಬಾಡಿಗೆದಾರನು ಕೊಡುವ ಹಣ ನೋಟಕ್ಕೆ ಒಂದೇ ಆದರೂ ಸ್ವರೂಪದಲ್ಲಿ ಮೂರು ವಿಧವಾದುದು. ಮೊದಲನೆಯದು ವಾಸದ ಬಾಡಿಗೆ. ಎರಡನೆಯದು ಹಕ್ಕಿನ ಬೆಲೆ, ಎಂದರೆ ಮನೆಯನ್ನು ಇತರರಿಗೆ ಮಾರದೆ ಬೆಲೆಯನ್ನು ಸ್ಥಿರವಾಗಿಟ್ಟುದಕ್ಕೆ ಮಾಲೀಕನು ಪಡೆಯುವ ಪ್ರತಿಫಲ. ಮೂರನೆಯದು ಕ್ರಯಕ್ಕೆ ಜಮೆಯಾಗುವ ಮುಂಗಡ. ಈ ಮೂರನ್ನೂ ಪತ್ರದಲ್ಲಿ ಬೇರೆಬೇರೆಯಾಗಿ ಹೆಸರಿಸುವುದೇ ನ್ಯಾಯದ ಮೂಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮನೆಯ ಬೆಲೆ 60,00,000 ರೂಪಾಯಿ, ಅವಧಿ 3 ವರ್ಷ, ಆ ಬೀದಿಯ ವಾಡಿಕೆಯ ಬಾಡಿಗೆ 15,000 ರೂಪಾಯಿ. ಬಾಡಿಗೆದಾರನು ಮೊದಲಿಗೆ ಹಕ್ಕಿನ ಬೆಲೆಯಾಗಿ 60,000 ರೂಪಾಯಿಯನ್ನೂ, ಆ ಬಳಿಕ ತಿಂಗಳಿಗೆ 20,000 ರೂಪಾಯಿಯನ್ನೂ ಕೊಡುತ್ತಾನೆ. ತಿಂಗಳ ಹೆಚ್ಚುವರಿ 5,000 ರೂಪಾಯಿ 36 ತಿಂಗಳಲ್ಲಿ 1,80,000 ಆಗುತ್ತದೆ. ಅವನು ಕೊಂಡರೆ ಈ ಮೊತ್ತ ಬೆಲೆಯಲ್ಲಿ ವಜಾ ಆಗತಕ್ಕದ್ದು. ಕೊಳ್ಳದಿದ್ದರೆ ಬಾಡಿಗೆಯೂ ಹಕ್ಕಿನ ಬೆಲೆಯೂ ಮಾಲೀಕನಿಗೆ ಸಲ್ಲುತ್ತವೆ. ಮುಂಗಡ ಮಾತ್ರ ಮರಳತಕ್ಕದ್ದು. ಮಾಲೀಕನೇ ಮಾತಿಗೆ ತಪ್ಪಿದರೆ ಹಕ್ಕಿನ ಬೆಲೆಯನ್ನೂ ಮುಂಗಡವನ್ನೂ ಬಡ್ಡಿಸಹಿತ ಹಿಂದಿರುಗಿಸುವ ಷರತ್ತು ಇರಬೇಕು. ಕ್ರಯಪತ್ರವನ್ನು ಬರೆಸಿಕೊಳ್ಳಲು ದಾವೆ ಹೂಡುವ ಹಕ್ಕನ್ನು ಅದು ಕಸಿಯಬಾರದು.

ಮಾಲೀಕನ ಪಕ್ಷವನ್ನೂ ಮರೆಯಲಾಗದು. ಬೆಲೆ 66,00,000ಕ್ಕೆ ಏರಿದರೆ ಏರಿಕೆಯ ಲಾಭ ಬಾಡಿಗೆದಾರನದು. ಇಳಿದರೆ ಅವನು ಕೊಳ್ಳದೆ ಹೊರಟುಹೋಗಬಹುದು. ಈ ಏಕಪಕ್ಷೀಯ ಅಪಾಯಕ್ಕೆ ಹಕ್ಕಿನ ಬೆಲೆಯೇ ಪರಿಹಾರ. ಅವಧಿ ದೀರ್ಘವಾದಷ್ಟೂ ಅದು ಹೆಚ್ಚಬೇಕು. ಇಲ್ಲವೇ ಕ್ರಯದ ಬೆಲೆ ವರ್ಷಕ್ಕೆ ಶೇಕಡಾ 5ರಂತೆ ಏರುವುದೆಂದು ಮೊದಲೇ ಒಪ್ಪಬಹುದು. ಆಗ ಮೂರನೆಯ ವರ್ಷದ ಕೊನೆಗೆ ಅದು 69,45,750 ರೂಪಾಯಿ ಆಗುತ್ತದೆ.

ಮುಂಗಡದ ಮುಟ್ಟುಗೋಲಿನ ವಿಷಯದಲ್ಲಿ 1963ರ ಫತೇಚಂದ್–ಬಾಲಕಿಷನ್ ದಾಸ್ ಮೊಕದ್ದಮೆಯ ತೀರ್ಪು ಗಮನಾರ್ಹ. ಅಲ್ಲಿ 1,12,500 ರೂಪಾಯಿಯ ಕ್ರಯಕ್ಕೆ 1,000 ರೂಪಾಯಿ ಸಂಚಕಾರವೂ 24,000 ರೂಪಾಯಿ ಮುಂಗಡವೂ ಸಂದಿದ್ದವು. ಸಂಚಕಾರವನ್ನು ಮಾತ್ರ ಉಳಿಸಿಕೊಳ್ಳಬಹುದೆಂದೂ, ಉಳಿದ 24,000ದ ಮುಟ್ಟುಗೋಲು ದಂಡದ ಸ್ವರೂಪದ್ದೆಂದೂ ಸರ್ವೋಚ್ಚ ನ್ಯಾಯಾಲಯ ಹೇಳಿತು. 1872ರ ಕರಾರು ಕಾಯಿದೆಯ 74ನೆಯ ಕಲಮು ಯುಕ್ತವಾದ ಪರಿಹಾರವನ್ನಷ್ಟೇ ಒಪ್ಪುತ್ತದೆ. ಆದರೆ ಆ ಕಲಮು ಕರಾರಿನ ಉಲ್ಲಂಘನೆಗೆ ಸಂಬಂಧಿಸಿದುದು. ಹಕ್ಕಿದ್ದೂ ಕೊಳ್ಳದಿರುವವನು ಏನನ್ನೂ ಉಲ್ಲಂಘಿಸುವುದಿಲ್ಲ. ಆದುದರಿಂದ ಬಾಡಿಗೆದಾರನು ಕಾಯಿದೆಯನ್ನೇ ನಂಬಿ ಕೂಡದೆ, ಮುಂಗಡ ಮರಳುವ ಷರತ್ತನ್ನು ಸ್ಪಷ್ಟವಾಗಿ ಬರೆಯಿಸಿಕೊಳ್ಳಬೇಕು.

ಇನ್ನೊಂದು ಎಚ್ಚರಿಕೆ ಆವಶ್ಯಕ. 1882ರ ಸ್ವತ್ತು ಹಸ್ತಾಂತರ ಕಾಯಿದೆಯ 54ನೆಯ ಕಲಮಿನಂತೆ ಕ್ರಯದ ಕರಾರು ತಾನೇ ಸ್ವತ್ತಿನಲ್ಲಿ ಯಾವ ಹಿತಾಸಕ್ತಿಯನ್ನೂ ಹುಟ್ಟಿಸುವುದಿಲ್ಲ. ಮಾಲೀಕನು ಮನೆಯನ್ನು ಪರರಿಗೆ ಮಾರಿದಾಗ, ಈ ಕರಾರು ಆ ಮೂರನೆಯವನಿಗೆ ತಿಳಿದಿತ್ತೇ ಎಂಬುದೇ ಮುಖ್ಯ ಪ್ರಶ್ನೆಯಾಗುತ್ತದೆ. ಪತ್ರ ನೋಂದಣಿಯಾಗಿದ್ದರೆ ತಿಳಿಯದೆಂಬ ನೆಪ ನಿಲ್ಲದು. ಒಂದು ವರ್ಷವನ್ನು ಮೀರಿದ ಗುತ್ತಿಗೆಗೆ ನೋಂದಣಿ ಹೇಗೂ ಕಡ್ಡಾಯ. ಮುಂಗಡವನ್ನು ಬ್ಯಾಂಕಿನ ಮೂಲಕವೇ ಸಲ್ಲಿಸಿ ಪ್ರತ್ಯೇಕ ರಸೀದಿ ಪಡೆದರೆ, ಮುಂದೆ ಸಾಲ ಕೇಳುವಾಗ ಅದೇ ಸಾಕ್ಷ್ಯವಾಗುತ್ತದೆ.

ಯಾವ ಹಣ ಯಾವುದಕ್ಕೆಂದು ಸಹಿ ಹಾಕುವ ದಿನವೇ ನಿರ್ಣಯವಾದರೆ, ಅಗಲುವ ದಿನ ಇಬ್ಬರಿಗೂ ನ್ಯಾಯಾಲಯದ ಹಾದಿ ತಪ್ಪುತ್ತದೆ.