ಪಾದರಸದ ಸಹವಾಸ

ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳ ಮನಸ್ಸನ್ನು ಸೆಳೆಯುವ ದ್ರವ್ಯಗಳಲ್ಲಿ ಪಾದರಸಕ್ಕೆ ಮೊದಲನೆಯ ಸ್ಥಾನ ಸಲ್ಲಬೇಕು. ಅದು ಲೋಹವಾಗಿದ್ದೂ ನೀರಿನಂತೆ ಹರಿಯುತ್ತದೆ. ನೀರಿನಂತೆ ಹರಿದರೂ ಕೈಯನ್ನು ಒದ್ದೆ ಮಾಡುವುದಿಲ್ಲ. ಪುಟ್ಟ ಸೀಸೆಯೊಂದನ್ನು ಎತ್ತಿದರೂ ನೀರಿಗಿಂತ 13.6 ಪಟ್ಟು ಭಾರವಾದ ಆ ದ್ರವ ಕೈಯನ್ನು ಕೆಳಕ್ಕೆ ಜಗ್ಗುತ್ತದೆ. ನಾವು ಕಾಲೇಜಿನಲ್ಲಿ ಓದುತ್ತಿದ್ದಾಗ ಭೌತಶಾಸ್ತ್ರದ ಮೇಜಿನ ಬಿರುಕುಗಳಲ್ಲಿ ಅದರ ಮಣಿಗಳು ಸದಾ ಮಿನುಗುತ್ತಿದ್ದುವು. ಅವನ್ನು ಸೂಜಿಯಿಂದ ಹೊರಗೆಳೆದು ಅಂಗೈಯಲ್ಲಿ ಉರುಳಿಸುವುದು, ಹಳೆಯ ತಾಮ್ರದ ಕಾಸಿಗೆ ಉಜ್ಜಿ ಅದನ್ನು ಬೆಳ್ಳಿಯ ನಾಣ್ಯದಂತೆ ಹೊಳೆಯಿಸುವುದು ನಮಗೆ ನಿತ್ಯದ ವಿನೋದವಾಗಿತ್ತು. ಉಪಾಧ್ಯಾಯರು ಗದರಿಸುತ್ತಿದ್ದುದೂ ಉಂಟು. ಆದರೆ ಅದು ಪಾದರಸ ದುಬಾರಿಯ ಪದಾರ್ಥವೆಂದೇ ಹೊರತು ಅಪಾಯಕರವೆಂದಲ್ಲ. ನೆರೆಯ ಕೊಠಡಿಯಲ್ಲಿದ್ದ ನೈಟ್ರಿಕ್ ಆಮ್ಲದ ಸೀಸೆಯನ್ನು ಮುಟ್ಟಲು ಮಾತ್ರ ನಮ್ಮಲ್ಲಿ ಯಾರಿಗೂ ಧೈರ್ಯವಿರಲಿಲ್ಲ.

ಈ ಭಯದ ಹಂಚಿಕೆ ಎಷ್ಟು ತಪ್ಪಾದುದೆಂಬುದನ್ನು ಈಗ ನೆನೆದರೆ ಆಶ್ಚರ್ಯವಾಗುತ್ತದೆ. ಆಮ್ಲವು ಒಂದು ಬಗೆಯಲ್ಲಿ ಪ್ರಾಮಾಣಿಕವಾದ ಶತ್ರು. ಅದು ಹೊಗೆಯಾಡುತ್ತದೆ, ಮೂಗಿಗೆ ಘಾಟು ಬಡಿಯುತ್ತದೆ, ಚರ್ಮಕ್ಕೆ ತಗುಲಿದ ಕೂಡಲೆ ಉರಿಯುತ್ತದೆ. ನಾವು ನಲ್ಲಿಯ ಕಡೆಗೆ ಓಡುತ್ತೇವೆ. ಪಾದರಸಕ್ಕೆ ವಾಸನೆಯಿಲ್ಲ, ಉರಿಯಿಲ್ಲ. ಅದು ದೇಹವನ್ನು ಹೊಗುವ ಬಾಗಿಲೂ ನಾವು ಊಹಿಸುವ ಬಾಗಿಲಲ್ಲ. ಆಕಸ್ಮಿಕವಾಗಿ ಒಂದು ಹನಿಯನ್ನು ನುಂಗಿದವನ ಕರುಳಿನಿಂದ ರಕ್ತಕ್ಕೆ ಸೇರುವುದು ಅದರ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಉಳಿದುದು ಬಂದಂತೆಯೇ ಹೊರಟುಹೋಗುತ್ತದೆ. ಆದರೆ ಅದರ ಆವಿಯನ್ನು ಉಸಿರಾಡಿದರೆ ನೂರರಲ್ಲಿ ಸುಮಾರು 80 ಪಾಲು ಶ್ವಾಸಕೋಶಗಳಿಂದ ನೇರವಾಗಿ ರಕ್ತಕ್ಕೆ ಇಳಿಯುತ್ತದೆ.

ಪಾದರಸ ಕುದಿಯುವುದು 357 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಹೀಗಿರುವಾಗ ಮೇಜಿನ ಮೇಲೆ ತಣ್ಣಗೆ ಬಿದ್ದಿರುವ ಮಣಿಯಿಂದ ಆವಿ ಎಲ್ಲಿಯದು ಎಂದು ವಾಚಕರು ಕೇಳಬಹುದು. ಒದ್ದೆ ಬಟ್ಟೆಯನ್ನು ಒಣಗಿಸಲು ನಾವು ಅದನ್ನು ಕುದಿಸುವುದಿಲ್ಲವಷ್ಟೆ! ದ್ರವದ ಮೇಲ್ಮೈಯಲ್ಲಿರುವ ಕಣಗಳಲ್ಲಿ ಚುರುಕಾದ ಕೆಲವು ಎಲ್ಲ ಉಷ್ಣತೆಗಳಲ್ಲಿಯೂ ಗಾಳಿಗೆ ಜಿಗಿಯುತ್ತಲೇ ಇರುತ್ತವೆ. 20 ಡಿಗ್ರಿಯ ಮುಚ್ಚಿದ ಕೊಠಡಿಯಲ್ಲಿ ಪಾದರಸವನ್ನು ತೆರೆದಿಟ್ಟರೆ, ಕಾಲಕ್ರಮದಲ್ಲಿ ಗಾಳಿಯ ಪ್ರತಿ ಘನ ಮೀಟರಿನಲ್ಲಿಯೂ ಸುಮಾರು 13 ಮಿಲಿಗ್ರಾಮ್ ಆವಿ ತುಂಬಿಕೊಳ್ಳಬಲ್ಲದು. ದಿನಕ್ಕೆ ಎಂಟು ಗಂಟೆ ದುಡಿಯುವವರಿಗೆಂದು ಅಮೆರಿಕದ ಕೈಗಾರಿಕಾ ಆರೋಗ್ಯತಜ್ಞರು ಸೂಚಿಸಿರುವ ಮಿತಿ ಘನ ಮೀಟರಿಗೆ 0.025 ಮಿಲಿಗ್ರಾಮ್ ಮಾತ್ರ. ಎಂದರೆ ಆ ಗಾಳಿ ಮಿತಿಯನ್ನು ಸುಮಾರು 500 ಪಟ್ಟು ಮೀರಿರುತ್ತದೆ. 30 ಡಿಗ್ರಿಯಲ್ಲಿ ಆವಿಯ ಪ್ರಮಾಣ ಇದರ ಎರಡರಷ್ಟಕ್ಕಿಂತಲೂ ಹೆಚ್ಚು. ರಾಯಚೂರು, ಕಲಬುರಗಿಗಳ ಬೇಸಗೆಯನ್ನು ಬಲ್ಲವರು ಮುಂದಿನ ಲೆಕ್ಕವನ್ನು ತಾವೇ ಮಾಡಿಕೊಳ್ಳಬಹುದು.

ಇನ್ನೊಂದು ಸಣ್ಣ ಲೆಕ್ಕವನ್ನು ನಾವೇ ಮಾಡಿ ತೋರಿಸುತ್ತೇವೆ. ಹತ್ತು ಮೀಟರ್ ಉದ್ದ, ಆರು ಮೀಟರ್ ಅಗಲ, ನಾಲ್ಕು ಮೀಟರ್ ಎತ್ತರದ ಪ್ರಯೋಗಶಾಲೆಯೊಂದನ್ನು ತೆಗೆದುಕೊಳ್ಳೋಣ. ಅದರಲ್ಲಿ 240 ಘನ ಮೀಟರ್ ಗಾಳಿ ಇದೆ. ಈ ಗಾಳಿಯೆಲ್ಲವನ್ನೂ ಮೇಲೆ ಹೇಳಿದ ಮಿತಿಗೆ ತಂದು ಮುಟ್ಟಿಸಲು ಬೇಕಾದ ಪಾದರಸ ಕೇವಲ 6 ಮಿಲಿಗ್ರಾಮ್. ಒಂದು ಮಿಲಿಮೀಟರ್ ವ್ಯಾಸದ ಮಣಿ, ಎಂದರೆ ಸಣ್ಣ ಸಾಸಿವೆಯ ಕಾಳಿನಷ್ಟು ಪಾದರಸ, 7 ಮಿಲಿಗ್ರಾಮ್ ತೂಗುತ್ತದೆ. ಈ ಮಣಿ ಒಂದೇ ಗಳಿಗೆಯಲ್ಲಿ ಆವಿಯಾಗುವುದಿಲ್ಲ, ಕಿಟಕಿಯ ಗಾಳಿ ಬಹುಭಾಗವನ್ನು ಒಯ್ಯುತ್ತದೆ ಎಂಬುದು ನಿಜ. ಆದರೆ ಬಿರುಕುಗಳಲ್ಲಿ ಮಣಿ ಒಂದೇ ಇರುವುದೂ ಇಲ್ಲ.

ಪಾದರಸ ನೆಲಕ್ಕೆ ಬಿದ್ದಾಗ ಆಗುವ ಅನರ್ಥವೂ ಇಂಥ ಲೆಕ್ಕಕ್ಕೆ ಸಂಬಂಧಿಸಿದುದು. ಒಂದು ಸೆಂಟಿಮೀಟರ್ ವ್ಯಾಸದ ಒಂದೇ ಗುಂಡು ನೆಲಕ್ಕಪ್ಪಳಿಸಿ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ವ್ಯಾಸದ ಕಣಗಳಾಗಿ ಸಿಡಿಯಿತೆಂದು ಭಾವಿಸೋಣ. ಆಗ ಹತ್ತು ಲಕ್ಷ ಕಣಗಳಾಗುತ್ತವೆ. ತೂಕ ಮೊದಲಿನಷ್ಟೇ, ಆದರೆ ಗಾಳಿಗೆ ತೆರೆದುಕೊಂಡ ಮೇಲ್ಮೈ ನೂರರಷ್ಟಾಗುತ್ತದೆ. ಆವಿ ಹೊರಡುವುದು ಮೇಲ್ಮೈಯಿಂದಲ್ಲವೆ? ಚೆಲ್ಲಿದ ಪಾದರಸವನ್ನು ಪೊರಕೆಯಿಂದ ಗುಡಿಸಬಾರದೆಂದು ಹೇಳುವುದು ಇದಕ್ಕಾಗಿಯೇ. ಪೊರಕೆ ಮಣಿಗಳನ್ನು ಒಟ್ಟುಗೂಡಿಸುವುದಕ್ಕಿಂತ ಹೆಚ್ಚಾಗಿ ಒಡೆಯುತ್ತದೆ. ಕಸ ಹೀರುವ ಯಂತ್ರವಂತೂ ಇನ್ನೂ ಕೆಟ್ಟದು. ಅದು ಪಾದರಸವನ್ನು ಬಿಸಿಮಾಡಿ ಕೊಠಡಿಗೆಲ್ಲ ಊದುತ್ತದೆ.

ಆವಿಯಲ್ಲಿರುವ ಪಾದರಸ ಬಿಡಿ ಪರಮಾಣುಗಳ ರೂಪದಲ್ಲಿರುತ್ತದೆ. ಅವಕ್ಕೆ ವಿದ್ಯುದಂಶವಿಲ್ಲದಿರುವುದರಿಂದ ಜೀವಕೋಶಗಳ ಪೊರೆಗಳನ್ನು ತಡೆಯಿಲ್ಲದೆ ದಾಟುತ್ತವೆ. ಮೆದುಳನ್ನು ಕಾಯುವ ಸೂಕ್ಷ್ಮವಾದ ತಡೆಗೋಡೆಯನ್ನೂ ದಾಟುತ್ತವೆ. ಒಳಗೆ ಹೋದ ಮೇಲೆ ಅವು ಉತ್ಕರ್ಷಣಗೊಂಡು ವಿದ್ಯುದಂಶವನ್ನು ಪಡೆಯುತ್ತವೆ. ಆಮೇಲೆ ಬಂದ ದಾರಿಯಲ್ಲಿ ಹಿಂದಿರುಗುವುದು ಸುಲಭವಲ್ಲ. ಇಲಿಬೋನಿನ ಬಾಗಿಲು ಒಳಕ್ಕೆ ಹೋಗುವಾಗ ತೆರೆದು ಹೊರಬರುವಾಗ ಮುಚ್ಚಿಕೊಳ್ಳುವಂತೆಯೇ ಇದು. ಹೀಗೆ ದಿನದಿನವೂ ಸ್ವಲ್ಪ ಸ್ವಲ್ಪವೇ ಶೇಖರವಾಗಿ, ಬೆರಳುಗಳ ನಡುಕ, ಸಿಡುಕು, ಒಸಡಿನ ಬಾವು, ಕಾರಣವಿಲ್ಲದ ಸಂಕೋಚ, ಮರೆವು ಕಾಣಿಸಿಕೊಳ್ಳುತ್ತವೆ. ಇವುಗಳಲ್ಲಿ ಯಾವುದನ್ನೂ ನೋಡಿ ಯಾರೂ ಥಟ್ಟನೆ ಪ್ರಯೋಗಶಾಲೆಯ ನೆಲದ ಕಡೆಗೆ ಬೆರಳು ಮಾಡುವುದಿಲ್ಲ.

ಜರ್ಮನಿಯ ರಸಾಯನಶಾಸ್ತ್ರಜ್ಞ ಆಲ್‌ಫ್ರೆಡ್ ಸ್ಟಾಕ್ ಅವರೂ ಬಹುಕಾಲ ಹಾಗೆ ಬೆರಳು ಮಾಡಲಿಲ್ಲ. ಬೋರಾನ್ ಮತ್ತು ಸಿಲಿಕಾನುಗಳು ಜಲಜನಕದೊಡನೆ ಕೂಡಿ ಆಗುವ ಸಂಯುಕ್ತಗಳನ್ನು ಅಭ್ಯಾಸಮಾಡಿ ಅವರು ಕೀರ್ತಿ ಪಡೆದಿದ್ದರು. ಇವುಗಳಲ್ಲಿ ಹಲವು ಗಾಳಿ ಸೋಕಿದರೆ ಹೊತ್ತಿಕೊಳ್ಳುತ್ತವೆ. ಆದುದರಿಂದ ಅವರು ನಿರ್ವಾತವಾದ ಗಾಜಿನ ನಳಿಗೆಗಳಲ್ಲಿ, ಪಾದರಸದ ಪಂಪುಗಳನ್ನೂ ಪಾದರಸದ ಕವಾಟಗಳನ್ನೂ ಬಳಸಿ ಕೆಲಸ ಮಾಡುತ್ತಿದ್ದರು. ಬೆಂಕಿಯ ಅಪಾಯದಿಂದ ಪಾರಾಗಲು ಹೂಡಿದ ಉಪಾಯವೇ ಇನ್ನೊಂದು ಅಪಾಯವನ್ನು ಮನೆಯೊಳಕ್ಕೆ ಕರೆದುಕೊಂಡಿತು. ಮೊದಲು ತಲೆನೋವು, ತಲೆಸುತ್ತು, ಬಿಡದ ನೆಗಡಿ; ಅನಂತರ ಮರೆವು. ದೂರವಾಣಿಯ ಸಂಖ್ಯೆಯನ್ನು ಪುಸ್ತಕದಲ್ಲಿ ನೋಡಿ ಯಂತ್ರದ ಬಳಿಗೆ ಹೋಗುವಷ್ಟರಲ್ಲಿ ಅದು ಮರೆತುಹೋಗುತ್ತಿತ್ತು. ಆಗತಾನೆ ಓದಿದ ಪುಸ್ತಕ, ನೋಡಿದ ನಾಟಕ, ಕೊನೆಗೆ ತಾವೇ ಪ್ರಕಟಿಸಿದ್ದ ಸಂಶೋಧನೆಗಳು ಕೂಡ ನೆನಪಿನಲ್ಲಿ ನಿಲ್ಲದಾದುವು. ವರ್ಷಗಟ್ಟಲೆ ವೈದ್ಯರಿಂದ ಚಿಕಿತ್ಸೆ ಪಡೆದರೂ ಕಾರಣ ತಿಳಿಯಲಿಲ್ಲ.

ಕಾರಣ ತಿಳಿದ ಮೇಲೆ ಸ್ಟಾಕ್ ಸುಮ್ಮನಾಗಲಿಲ್ಲ. 1926ರಲ್ಲಿ ಪಾದರಸದ ಆವಿಯ ಅಪಾಯವನ್ನು ಕುರಿತು ತಮ್ಮ ಅನುಭವವನ್ನು ಮುಚ್ಚುಮರೆಯಿಲ್ಲದೆ ಬರೆದು ಪ್ರಕಟಿಸಿದರು. ತಮ್ಮ ಬುದ್ಧಿಶಕ್ತಿಯೇ ಕುಂದಿತ್ತೆಂದು ಸಹೋದ್ಯೋಗಿಗಳ ಮುಂದೆ ಒಪ್ಪಿಕೊಳ್ಳುವುದು ಪ್ರಖ್ಯಾತ ಪ್ರಾಧ್ಯಾಪಕರೊಬ್ಬರಿಗೆ ಎಷ್ಟು ಕಷ್ಟವಾಗಿದ್ದಿರಬೇಕು! ಬೋರಾನಿನ ಸಂಶೋಧನೆಗಿಂತ ಈ ಒಂದು ಲೇಖನದಿಂದಲೇ ಅವರು ಹೆಚ್ಚು ಮಂದಿಗೆ ಉಪಕಾರ ಮಾಡಿದರೆಂದು ನಮ್ಮ ಎಣಿಕೆ.

ಹಾಗಾದರೆ ಪಾದರಸ ಚೆಲ್ಲಿದಾಗ ಮಾಡಬೇಕಾದುದೇನು? ಕಿಟಕಿಗಳನ್ನು ತೆರೆದು, ತುಳಿದಾಡುವವರನ್ನು ಹೊರಗೆ ಕಳುಹಿಸಿ, ಉಪಾಧ್ಯಾಯರಿಗೆ ತಿಳಿಸಬೇಕು. ಕೈಯಲ್ಲಿ ಚಿನ್ನದ ಉಂಗುರ ಬಳೆಗಳಿದ್ದರೆ ತೆಗೆದಿಡಬೇಕು; ಚಿನ್ನ ಪಾದರಸದೊಡನೆ ಬೆರೆತು ಕೆಡುತ್ತದೆ. ದಪ್ಪ ಕಾಗದದ ಅಂಚಿನಿಂದ ಮಣಿಗಳನ್ನು ಮೆಲ್ಲನೆ ಕೂಡಿಸಿ, ಹನಿ ಹಾಕುವ ನಳಿಗೆಯಿಂದ ಹೀರಿ, ಬಿಗಿಯಾದ ಮುಚ್ಚಳವುಳ್ಳ ಸೀಸೆಗೆ ಸೇರಿಸಬೇಕು. ಆ ಸೀಸೆಯಲ್ಲಿ ಸ್ವಲ್ಪ ನೀರಿದ್ದರೆ ಅದು ಪಾದರಸದ ಮೇಲೆ ನಿಂತು ಆವಿಯನ್ನು ಬಹುಮಟ್ಟಿಗೆ ತಡೆಯುತ್ತದೆ. ಕಣ್ಣಿಗೆ ಬೀಳದ ಪುಡಿಮಣಿಗಳಿಗೆ ಒಂದು ಒಳ್ಳೆಯ ಉಪಾಯವುಂಟು: ಕೊಠಡಿಯನ್ನು ಕತ್ತಲೆ ಮಾಡಿ ಟಾರ್ಚನ್ನು ನೆಲಕ್ಕೆ ಒರಗಿಸಿ ಬೆಳಕು ಹಾಯಿಸಿದರೆ ಅವು ನಕ್ಷತ್ರಗಳಂತೆ ಹೊಳೆಯುತ್ತವೆ. ಅವನ್ನು ಅಂಟುಪಟ್ಟಿಯಿಂದ ಒತ್ತಿ ತೆಗೆಯಬಹುದು. ಬಚ್ಚಲ ಮೋರಿಗೆ ತೊಳೆದುಬಿಡುವುದು ಮಾತ್ರ ಕೂಡದು; ಭಾರವಾದ ಪಾದರಸ ಕೊಳವೆಯ ಬಾಗಿನಲ್ಲಿ ಕುಳಿತು ಆವಿಯಾಗುತ್ತಲೇ ಇರುತ್ತದೆ.

ಗಂಧಕದ ಪುಡಿಯನ್ನು ಎರಚಿದರೆ ಸಾಕೆಂಬ ನಂಬಿಕೆ ನಮ್ಮ ಪ್ರಯೋಗಶಾಲೆಗಳಲ್ಲಿ ಬಹಳ ಹಳೆಯದು. ಇದರಲ್ಲಿ ಅರ್ಧ ಸತ್ಯವಿದೆ. ಗಂಧಕ ಮತ್ತು ಪಾದರಸ ಕೂಡಿದರೆ ಆವಿಯಾಗದ ಸಲ್ಫೈಡ್ ಆಗುತ್ತದೆ. ಇಂಗಲೀಕವೂ ಅದೇ ಸಂಯುಕ್ತ. ಆದರೆ ನಮ್ಮ ಆಯುರ್ವೇದ ಪಂಡಿತರು ಇವೆರಡನ್ನು ಬೆರೆಸಿ ಕಪ್ಪು ಕಜ್ಜಲಿಯನ್ನು ತಯಾರಿಸುವಾಗ ಕಲ್ವದಲ್ಲಿ ಗಂಟೆಗಟ್ಟಲೆ ಅರೆಯುವುದನ್ನು ನೆನೆಯಿರಿ. ಅಷ್ಟು ಅರೆದಲ್ಲದೆ ಅವು ಪೂರ್ಣವಾಗಿ ಕೂಡುವುದಿಲ್ಲ. ನೆಲದ ಮಣಿಯ ಮೇಲೆ ಬಿದ್ದ ಗಂಧಕ ಅದಕ್ಕೊಂದು ತೆಳುವಾದ ಹೊದಿಕೆಯನ್ನಷ್ಟೇ ಕೊಡುತ್ತದೆ. ಯಾರಾದರೂ ತುಳಿದರೆ ಹೊದಿಕೆ ಹರಿಯುತ್ತದೆ. ಆದುದರಿಂದ ಮೊದಲು ಪಾದರಸವನ್ನು ತೆಗೆಯಬೇಕು. ಗಂಧಕ ಏನಿದ್ದರೂ ಉಳಿದುದಕ್ಕೆ.

ಇಷ್ಟನ್ನು ಓದಿದ ವಿದ್ಯಾರ್ಥಿ, ಒಳ್ಳೆಯ ಗಾಳಿ, ಕೈಗೆ ರಬ್ಬರಿನ ಚೀಲ ಇವೆರಡಿದ್ದರೆ ಪಾದರಸದ ಭಯವಿಲ್ಲವೆಂದು ತೀರ್ಮಾನಿಸಬಹುದು. ಲೋಹರೂಪದ ಪಾದರಸಕ್ಕೆ ಆ ಮಾತು ಬಹುಮಟ್ಟಿಗೆ ಸಲ್ಲುತ್ತದೆ. ಆದರೆ ಅದರ ಸಂಯುಕ್ತಗಳಿಗೆ ಬೇರೆಯೇ ಸ್ವಭಾವ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕ್ಯಾರೆನ್ ವೆಟರ್‌ಹಾನ್ ಎಂಬ ರಸಾಯನಶಾಸ್ತ್ರದ ಪ್ರಾಧ್ಯಾಪಕಿ ಇದ್ದರು. ವಿಷಲೋಹಗಳು ಜೀವಕೋಶಗಳನ್ನು ಹೇಗೆ ಕೆಡಿಸುತ್ತವೆಂಬುದೇ ಅವರ ಸಂಶೋಧನೆಯ ವಿಷಯವಾಗಿದ್ದಿತು. 1996ರ ಆಗಸ್ಟ್ 14ರಂದು ಅವರು ಉಪಕರಣವೊಂದರ ಅಳತೆಯನ್ನು ಸರಿಹೊಂದಿಸಲು ಬೇಕಾದ ಡೈಮೀಥೈಲ್ ಪಾದರಸವನ್ನು ಒಂದು ಪಾತ್ರೆಯಿಂದ ಮತ್ತೊಂದಕ್ಕೆ ವರ್ಗಾಯಿಸುತ್ತಿದ್ದರು. ಆವಿಯನ್ನು ಸೆಳೆದೊಯ್ಯುವ ಗೂಡಿನಲ್ಲಿಯೇ ಕೆಲಸ ನಡೆದಿತ್ತು. ಕೈಗಳಿಗೆ ಲೇಟೆಕ್ಸ್ ರಬ್ಬರಿನ ಕೈಚೀಲಗಳಿದ್ದುವು. ಕೆಲವು ಹನಿಗಳು ಕೈಚೀಲದ ಮೇಲೆ ಬಿದ್ದುವು. ಅವರು ಸ್ಥಳವನ್ನು ಶುಚಿಮಾಡಿ ಕೈಚೀಲಗಳನ್ನು ಕಳಚಿದರು. ಉರಿಯಿಲ್ಲ, ಗಾಯವಿಲ್ಲ.

ತಿಂಗಳುಗಳು ಕಳೆದುವು. 1997ರ ಜನವರಿಯಲ್ಲಿ ನಡೆಯುವಾಗ ಆಯ ತಪ್ಪತೊಡಗಿತು, ಮಾತು ತೊದಲಿತು, ಕಣ್ಣು ಕಿವಿಗಳು ಮಂದವಾದುವು. ಸಾಮಾನ್ಯರ ರಕ್ತದಲ್ಲಿ ಲೀಟರಿಗೆ 8 ಮೈಕ್ರೋಗ್ರಾಮಿನ ಒಳಗಿರಬೇಕಾದ ಪಾದರಸ ಅವರ ರಕ್ತದಲ್ಲಿ 4,000 ಮೈಕ್ರೋಗ್ರಾಮ್ ಇದ್ದಿತು. ಚಿಕಿತ್ಸೆ ಫಲಿಸಲಿಲ್ಲ. ಜೂನ್ 8ರಂದು ತಮ್ಮ 48ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ವಿಷವೇರಿದುದು ಎಂದು ಎಂಬ ಪ್ರಶ್ನೆಗೆ ಉತ್ತರ ಅವರ ತಲೆಗೂದಲಿನಲ್ಲಿ ದೊರೆಯಿತು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬೆಳೆಯುವಾಗ ರಕ್ತದಲ್ಲಿದ್ದ ಪಾದರಸವನ್ನು ತನ್ನಲ್ಲಿ ಸೇರಿಸಿಕೊಳ್ಳುತ್ತದೆ. ಎಳೆಯನ್ನು ತುಂಡುತುಂಡಾಗಿ ಪರೀಕ್ಷಿಸಿದಾಗ, ಆಗಸ್ಟಿನ ಆ ದಿನದ ಹತ್ತಿರದಲ್ಲಿ ಪಾದರಸ ಒಮ್ಮೆಗೇ ಏರಿ, ಅಲ್ಲಿಂದ ಮುಂದೆ ನಿಧಾನವಾಗಿ ಇಳಿಯುತ್ತ ಬಂದುದು ಕಂಡಿತು. ಎಂದರೆ ವಿಷ ಒಳಗೆ ಹೋದುದು ಒಂದೇ ಒಂದು ಸಲ. ಅವರು ಧರಿಸಿದ್ದಂಥ ಕೈಚೀಲಗಳನ್ನು ಪರೀಕ್ಷಿಸಿದಾಗ ಡೈಮೀಥೈಲ್ ಪಾದರಸ ಅವನ್ನು 15 ಸೆಕೆಂಡುಗಳೊಳಗಾಗಿ ದಾಟುವುದೆಂದು ತಿಳಿದುಬಂದಿತು. ರಬ್ಬರಿನಲ್ಲಿ ತೂತಿರಲಿಲ್ಲ, ಎಣ್ಣೆ ಕಾಗದವನ್ನು ಹಾಯುವಂತೆ ಆ ದ್ರವ ರಬ್ಬರನ್ನೇ ಹಾಯ್ದಿತ್ತು. ನೀರನ್ನು ತಡೆಯುವ ವಸ್ತು ಎಲ್ಲವನ್ನೂ ತಡೆಯುವುದೆಂಬ ಊಹೆಯನ್ನು ಅದುವರೆಗೆ ಯಾರೂ ಈ ದ್ರವದ ವಿಷಯದಲ್ಲಿ ಒರೆಗೆ ಹಚ್ಚಿರಲಿಲ್ಲ. ಈ ವಸ್ತು ಪ್ರಾಣಾಂತಕವೆಂಬುದು ಮಾತ್ರ ಹೊಸ ಸಂಗತಿಯಲ್ಲ. 1865–66ರಷ್ಟು ಹಿಂದೆಯೇ ಲಂಡನ್ನಿನಲ್ಲಿ ಇದರೊಡನೆ ಕೆಲಸ ಮಾಡಿದ ಇಬ್ಬರು ಪ್ರಯೋಗಶಾಲಾ ಸಹಾಯಕರು ಸತ್ತಿದ್ದರು.

ವೆಟರ್‌ಹಾನ್ ಅವರ ಸಹೋದ್ಯೋಗಿಗಳು ಈ ವೃತ್ತಾಂತವನ್ನು ಕೂಡಲೆ ರಸಾಯನಶಾಸ್ತ್ರಜ್ಞರ ಗಮನಕ್ಕೆ ತಂದರು. 1998ರಲ್ಲಿ ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ, ಈ ದ್ರವವನ್ನು ಮುಟ್ಟಲೇಬೇಕಾದವರು ಹಲವು ಪದರಗಳ ಪ್ಲಾಸ್ಟಿಕಿನ ಕೈಚೀಲವನ್ನು ಒಳಗೂ, ಉದ್ದ ತೋಳಿನ ದಪ್ಪ ಕೈಚೀಲವನ್ನು ಹೊರಗೂ ಧರಿಸಬೇಕೆಂದು ಸೂಚಿಸಿತು. ಸಾಧ್ಯವಾದಲ್ಲೆಲ್ಲ ಅದನ್ನು ಬಳಸದೆ, ಅಳತೆಯ ಕೆಲಸಕ್ಕೆ ಪಾದರಸದ ಬೇರೆ ಲವಣಗಳನ್ನು ತೆಗೆದುಕೊಳ್ಳಬೇಕೆಂಬ ಸಲಹೆಯೂ ಬಂದಿತು. ಈಗ ಕೈಚೀಲ ತಯಾರಕರು ಯಾವ ವಸ್ತು ಯಾವ ದ್ರವವನ್ನು ಎಷ್ಟು ನಿಮಿಷ ತಡೆಯುವುದೆಂಬ ಪಟ್ಟಿಗಳನ್ನು ಒದಗಿಸುತ್ತಾರೆ. ರಾಸಾಯನಿಕದ ಜೊತೆಯಲ್ಲಿ ಬರುವ ಸುರಕ್ಷತಾ ಪತ್ರದಲ್ಲಿಯೂ ಇದಕ್ಕೆ ಒಂದು ಭಾಗ ಮೀಸಲಾಗಿದೆ. ಸೀಸೆಯ ಮುಚ್ಚಳವನ್ನು ತೆರೆಯುವ ಮೊದಲು ಆ ಭಾಗವನ್ನು ಓದಲು ಹಿಡಿಯುವ ಕಾಲ ಎರಡು ನಿಮಿಷ.