ಅಗ್ವಾದ ಕೋಟೆಯಿಂದ ಒಂದು ಸುತ್ತು

ಮುಂಬಯಿಯಲ್ಲಿ ನಡೆಯುವವರಿಗೆ ಕೊರತೆಯಿಲ್ಲ. ನಡೆಯಬೇಕೆಂದು ನಡೆಯುವವರು ಮಾತ್ರ ಕಡಿಮೆ. ನಾವೂ ಆ ಸಾಲಿನವರೇ. ಬೆಳಿಗ್ಗೆ ಪಾರ್ಲೆ ಸ್ಟೇಶನ್ನಿಗೆ ಓಟ, ಹಗಲೆಲ್ಲ ಕಚೇರಿಯ ಕುರ್ಚಿ, ಸಂಜೆ ಮತ್ತೆ ಗಾಡಿಯ ನೂಕುನುಗ್ಗಲು. ಆದಿತ್ಯವಾರ ಬಂತೆಂದರೆ ಕಾಲು ಚಾಚಿ ಮಲಗುವುದೇ ಪರಮ ಸುಖ ಎಂದುಕೊಂಡಿದ್ದೆವು.

ಹೋದ ವರ್ಷ ಅಮ್ಮ ತೀರಿಕೊಂಡ ಮೇಲೆ ಅಪ್ಪಯ್ಯನವರನ್ನು ಕುಮಟೆಯಿಂದ ಕರೆತಂದೆವು. ಅಘನಾಶಿನಿಯ ದಂಡೆಯಲ್ಲಿ ಎಪ್ಪತ್ತೈದು ವರ್ಷ ಓಡಾಡಿದ ಜೀವ ಮೂರನೆಯ ಮಾಳಿಗೆಯ ಎರಡು ಕೋಣೆಗಳಲ್ಲಿ ಸುಮ್ಮನೆ ಕುಳಿತಿತು. ಮೊಣಕಾಲಿಗೆ ನಡಿಗೆಯೇ ಮದ್ದು ಎಂದರು ಡಾಕ್ಟರರು. “ಎಲ್ಲಿಗೆ ನಡೆಯಲಿ? ಲಿಫ್ಟಿನವರೆಗೋ?” ಎಂದರು ಅಪ್ಪಯ್ಯ. ಅವರಿಗೆ ಹಿಂದಿ ಬಾರದು. ಒಂಬತ್ತು ವರ್ಷದ ನಮ್ಮ ಮಗನಿಗೆ ಕನ್ನಡ ತಿಳಿಯುತ್ತದೆ, ನಾಲಿಗೆಗೆ ಬಾರದು. ಒಂದೇ ಮನೆಯಲ್ಲಿ ಅಜ್ಜ ಮೊಮ್ಮಗ ಸನ್ನೆಯಲ್ಲಿ ಮಾತಾಡುವುದನ್ನು ಎಷ್ಟು ದಿನ ನೋಡುವುದು? ಮಾಘ ಮಾಸದ ಒಂದು ಆದಿತ್ಯವಾರ ನಾಲ್ವರೂ ಹೊರಟೇಬಿಟ್ಟೆವು.

ಪಾರ್ಲೆಯಿಂದ ಬಾಂದ್ರಾ ಮೂರನೆಯ ನಿಲ್ದಾಣ. ಅಲ್ಲಿಂದ ರಿಕ್ಷಾ ಹಿಡಿದರೆ ಭೂಮಿ ಮುಗಿಯುವಲ್ಲಿ ಕೋಟೆ. ಪೋರ್ತುಗೀಜರು ಇದನ್ನು 1640ರಲ್ಲಿ ಕಟ್ಟಿ ‘ಕಾಸ್ತೆಲಾ ದ ಅಗ್ವಾದ’ ಎಂದು ಕರೆದರು. ಅಗ್ವಾದ ಎಂದರೆ ಹಡಗಿನವರು ಸಿಹಿನೀರು ತುಂಬಿಕೊಳ್ಳುವ ಠಾವು. ಗೋವೆಯ ಅಗ್ವಾದ ಕೋಟೆಗೂ ಇದೇ ಹೆಸರು. 1661ರಲ್ಲಿ ಮುಂಬಯಿಯ ದ್ವೀಪಗಳು ಇಂಗ್ಲಿಷರ ಪಾಲಾದರೂ ಬಾಂದ್ರಾ ಪೋರ್ತುಗೀಜರಲ್ಲೇ ಉಳಿಯಿತು. ಹಾಗಾಗಿ ನಡುವಿನ ಕೊಲ್ಲಿಯೇ ಗಡಿಯಾಯಿತು. ಮುಂದೆ 1739ರಲ್ಲಿ ಮರಾಠರು ಸಾಷ್ಟಿಯನ್ನು ಗೆದ್ದರು. ಕೋಟೆ ಅವರ ಕೈಗೆ ಸಿಕ್ಕರೆ ಎದುರಿನ ಮಾಹಿಮಕ್ಕೆ ಅಪಾಯವೆಂದು ಇಂಗ್ಲಿಷರು ಆ ಯುದ್ಧಕಾಲದಲ್ಲಿ ಇದರ ಬಹುಭಾಗವನ್ನು ಕೆಡವಿಸಿದರು. ಈಗ ಉಳಿದಿರುವುದು ಒಂದಷ್ಟು ಗೋಡೆ, ಒಂದು ಬಾಗಿಲು, ಬೇಕಾದಷ್ಟು ಗಾಳಿ. ಎದುರಿಗೆ 2009ರಲ್ಲಿ ತೆರೆದ ವರಳಿಯ ಸಮುದ್ರಸೇತುವೆ.

ಅಪ್ಪಯ್ಯ ಗೋಡೆ ಸವರಿ, “ನಮ್ಮ ಮಿರ್ಜಾನ ಕೋಟೆ ಇದಕ್ಕಿಂತ ಎಷ್ಟೋ ದೊಡ್ಡದು” ಎಂದರು. ಪೋರ್ತುಗೀಜರು ‘ಕರಿಮೆಣಸಿನ ರಾಣಿ’ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಥೆ ಹೇಳತೊಡಗಿದರು. ಮಗ ಬಾಯಿ ಬಿಟ್ಟು ಕೇಳಿದ. ಮನೆಯಾಕೆ ನಮ್ಮ ಮುಖ ನೋಡಿದಳು. ನಾವು ಅವಳ ಮುಖ ನೋಡಿದೆವು.

ಕೋಟೆಯಿಂದ ಉತ್ತರಕ್ಕೆ ಬ್ಯಾಂಡ್‌ಸ್ಟ್ಯಾಂಡಿನ ದಂಡೆಯ ದಾರಿ. ಏರಿಲ್ಲ, ಇಳಿತವಿಲ್ಲ, ದಣಿದವರಿಗೆ ಕೂರಲು ಬೆಂಚುಗಳಿವೆ. ಎಡಕ್ಕೆ ಕಪ್ಪು ಬಂಡೆಗಳು, ಆಚೆ ಸಮುದ್ರ. ನಾವು ಕಡಲೆಕಾಯಿ ಕೊಳ್ಳುತ್ತಿದ್ದಾಗ ಮಗ ಯಾವ ಮಾಯದಲ್ಲೋ ಬಂಡೆಗಳಿಗೆ ಇಳಿದುಬಿಟ್ಟಿದ್ದ. “ತಮ್ಮಾ, ಮೇಲೆ ಬಾ! ಉಬ್ಬರ ಏರ್ತಾ ಇದೆ!” ಎಂದು ಅಪ್ಪಯ್ಯ ಕೂಗಿದ ದನಿಯನ್ನು ಅಮ್ಮ ಹೋದ ಮೇಲೆ ನಾವು ಕೇಳಿರಲೇ ಇಲ್ಲ. ಹುಡುಗ ಓಡಿಬಂದ. ಎರಡು ನಿಮಿಷವಾಗಿರಲಿಲ್ಲ, ಅವನು ನಿಂತಿದ್ದ ಬಂಡೆಯ ಮೇಲೆ ತೆರೆ ಹಾಯಿತು. ನಮ್ಮ ಕೈಯ ಕಡಲೆ ಪೊಟ್ಟಣ ಕೆಳಗೆ ಬಿದ್ದಿತ್ತು. 2016ರ ಜನವರಿಯಲ್ಲಿ ಇದೇ ದಂಡೆಯಲ್ಲಿ ಒಬ್ಬ ಹುಡುಗಿಯೂ, ರಕ್ಷಿಸಲು ಹಾರಿದ ಯುವಕನೊಬ್ಬನೂ ನೀರುಪಾಲಾದುದು ಆಗ ನೆನಪಾಯಿತು.

“ನಿಮಗೆ ಹೇಗೆ ಗೊತ್ತಾಯ್ತು, ಅಜ್ಜ?” ಎಂದ ಮಗ. ಅದೂ ಕನ್ನಡದಲ್ಲಿ! ಬಂಡೆಯ ಒದ್ದೆ ಗೆರೆ ಮೇಲೇರುವುದನ್ನು ಅಜ್ಜ ತೋರಿಸಿದರು. ಉಬ್ಬರ ದಿನದಿನಕ್ಕೆ ಮುಕ್ಕಾಲು ಗಂಟೆಗೂ ತುಸು ತಡವಾಗಿ ಬರುತ್ತದೆ, ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಅದರ ಜೋರು ಹೆಚ್ಚು ಎಂದು ವಿವರಿಸಿದರು. ಬಿ.ಎ. ಓದಿದ ನಾವೂ ಕಿವಿಗೊಟ್ಟೆವು.

ದಂಡೆಯ ಕೊನೆಯಲ್ಲಿ ಬಲಕ್ಕೆ ಹಿಲ್ ರಸ್ತೆ. ಮೂಲೆಯಲ್ಲಿ ಪೋರ್ತುಗೀಜರ ಕಾಲದ ಸೇಂಟ್ ಆ್ಯಂಡ್ರೂ ಇಗರ್ಜಿ. ಮುಂದೆ 1954ರ ಮೆಹಬೂಬ್ ಸ್ಟುಡಿಯೋ. ಅಲ್ಲಿಂದ ಬಲಕ್ಕೆ ಹೊರಳಿ ಮೆಲ್ಲನೆ ಏರಿದರೆ ಮೌಂಟ್ ಮೇರಿ. ಈಗಿನ ಕಟ್ಟಡ 1904ರದು. ಸೆಪ್ಟೆಂಬರಿನ ಜಾತ್ರೆಗೆ ಎಲ್ಲ ಮತದವರೂ ಬರುತ್ತಾರೆ. ಹರಕೆಗೆಂದು ಕೈ, ಕಾಲು, ಮನೆ, ಮಗು ಇವುಗಳ ಮೇಣದ ಬೊಂಬೆಗಳನ್ನು ಮಾರುತ್ತಾರೆ. “ನಮ್ಮ ಕಡೆ ಬೆಳ್ಳಿ ಕಣ್ಣು ಒಪ್ಪಿಸಿದ ಹಾಗೆ” ಎಂದ ಅಪ್ಪಯ್ಯ, ತುಸು ತಡೆದು, “ಮೊಣಕಾಲೊಂದೇ ಬೇರೆ ಸಿಗುತ್ತದೆಯೇ ಕೇಳು” ಎಂದರು. ಎಲ್ಲರೂ ನಕ್ಕೆವು. ಇಗರ್ಜಿಯ ಮೆಟ್ಟಿಲ ಬಳಿ ಅವರು ಸ್ವಲ್ಪ ಹೊತ್ತು ಕಣ್ಮುಚ್ಚಿ ಕುಳಿತರು. ಯಾರನ್ನು ನೆನೆದರೆಂದು ನಾವು ಕೇಳಲಿಲ್ಲ.

ಇಳಿಜಾರಿನಲ್ಲಿ ನಡೆದರೆ ಮತ್ತೆ ಕೋಟೆಯ ಬಳಿಗೇ ಬರುತ್ತೇವೆ. ಮುದುಕರ ಹೆಜ್ಜೆಗೆ, ಕೂತು ಎದ್ದು, ಎರಡು ಗಂಟೆ ಸಾಕು. ಹೋಗುವ ಸಂಘಬಾಂಧವರು ಬೆಳಿಗ್ಗೆ ಬೇಗನೆ ಹೊರಡಲಿ. ನೀರಿನ ಬಾಟಲಿ ಜೊತೆಗಿರಲಿ. ಉಬ್ಬರದ ವೇಳೆ ನೋಡಿಕೊಳ್ಳಲಿ. ಮಳೆಗಾಲದಲ್ಲಿ ಮಕ್ಕಳ ಕೈ ಬಿಡದಿರಲಿ. ಬಂಡೆಗೆ ಮಾತ್ರ ಯಾವ ಕಾಲದಲ್ಲೂ ಇಳಿಯದಿರಲಿ.

ಮುಂದಿನ ಆದಿತ್ಯವಾರ ನಾವು ಎಂದಿನಂತೆ ಕಾಲು ಚಾಚಿ ಮಲಗಿದ್ದೆವು. ಬಾಗಿಲಲ್ಲಿ ಚಪ್ಪಲಿಯ ಸದ್ದು. ಅಜ್ಜ, ಮೊಮ್ಮಗ ಇಬ್ಬರೂ ಸಿದ್ಧರಾಗಿ ನಿಂತಿದ್ದರು.

“ಏಳಪ್ಪಾ, ಭರತಿ ಹನ್ನೊಂದಕ್ಕೆ” ಎಂದ ಮಗ. ಏಳದೆ ಉಪಾಯವಿರಲಿಲ್ಲ.